ನೊಣದ ಎಪಿಸೋಡನ್ನ ಸ್ಕಿಪ್ ಮಾಡಬೇಡಿ

ಭಾನುವಾರ ನಮ್ಮ ಏರಿಯಾದ ಲೈಬ್ರರಿ ಮಹಡಿ ಮೇಲೆ ನಾನು ಮಾತಾಡಿದ್ದನ್ನ ಬರೆದು ಕೊಡಿ ಅಂತ ಅವತ್ತು ಬರೋಕಾಗದೆ ಇದ್ದವರು ಕೇಳಿದ್ರು, ಹಾಗಾಗಿ ಮಾತಾಡಿದ ಹಾಗೇ ಬರೀತಿದೀನಿ, ಮಧ್ಯೆ ಮಧ್ಯೆ ಜನ ಕೇಳಿದ್ದನ್ನೂ ಸೇರಿಸಿದೀನಿ. ಮೊದಲೇ ಹೇಳಿಬಿಡ್ತೀನಿ, ಬ್ರೇಕಿಂಗ್ ಬ್ಯಾಡ್, ಮ್ಯಾಡ್ ಮೆನ್, ಅಡಾಲಸೆನ್ಸ್, ಈ ಮೂರು ಸೀರೀಸಿನ ಕಥೆಯೂ ಇಲ್ಲಿ ಬಯಲಾಗುತ್ತೆ. ನೋಡಿಲ್ಲದೋರು ನೋಡ್ಕೊಂಡು ಬಂದು ಓದಿದ್ರೆ ಒಳ್ಳೇದು.

ನಾವು ಸೀರೀಸ್ ಬಗ್ಗೆ ಮಾತಾಡೋವಾಗ ಯಾವಾಗಲೂ ಸೀಸನ್ ಲೆಕ್ಕದಲ್ಲಿ ಮಾತಾಡ್ತೀವಿ. ಮೊದಲನೇ ಸೀಸನ್ ಸೂಪರ್, ಎರಡನೇದು ಸ್ವಲ್ಪ ಎಳೆದ್ರು, ಕೊನೇದು ಕೆಡಿಸಿಬಿಟ್ರು, ಹೀಗೆ. ಒಂದು ಎಪಿಸೋಡನ್ನ ಎತ್ಕೊಂಡು ಇದು ಯಾಕೆ ಚೆನ್ನಾಗಿದೆ, ಇದರಲ್ಲಿ ಏನು ಕೆಲಸ ನಡೆದಿದೆ ಅಂತ ಕೂತು ಮಾತಾಡೋದು ಕಮ್ಮಿ ಆಗಿದೆ. ಒಂದು ಮುಗೀತಿದ್ದ ಹಾಗೇ ಇನ್ನೊಂದು ತಾನೇ ಓಡೋಕೆ ಶುರು ಆಗುತ್ತೆ, ಟೈಟಲ್ ಕಾರ್ಡು ಕೂಡ ಓದೋಕೆ ಬಿಡಲ್ಲ, ರಾತ್ರಿ ಊಟ ಆದ್ಮೇಲೆ ಕೂತೋರು ನಾಲ್ಕು ಎಪಿಸೋಡ್ ಮುಗಿಸಿ ಎದ್ದು ಹೋಗಿ ಮಲಗ್ತೀವಿ, ಬೆಳಗ್ಗೆ ಕೇಳಿದ್ರೆ ಯಾವ ಸೀನ್ ಯಾವುದರಲ್ಲಿ ಬಂತು ಅಂತ ನೆನಪಿರಲ್ಲ.

ದೂರದರ್ಶನ ನೋಡಿ ಬೆಳೆದೋರಿಗೆ ಇದು ಬೇರೆ ಥರ ಇತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ಶೂಟ್ ಮಾಡಿದ ಮಾಲ್ಗುಡಿ ಡೇಸ್ ತಗೊಳ್ಳಿ. ಸ್ವಾಮಿಯ ಕಥೆ ಹಲವು ವಾರ ನಡೀತು ನಿಜ, ಆದ್ರೆ ಅದರಾಚೆಗೆ ಎಷ್ಟೋ ಎಪಿಸೋಡು ಒಂದೊಂದೂ ಒಂದು ಪೂರ್ತಿ ಕಥೆ. ಪೋಸ್ಟ್‌ಮ್ಯಾನ್ ತಾನಪ್ಪನದ್ದು ನೆನಪಿದ್ಯಾ? ಮನೆಯವರ ಹಾಗೇ ಆಗಿಹೋದ ಪೋಸ್ಟ್‌ಮ್ಯಾನು, ಹುಡುಗಿ ಮದುವೆ ಮುಂದಕ್ಕೆ ಹೋಗಬಾರದು ಅಂತ ಸಾವಿನ ಸುದ್ದಿಯ ಟೆಲಿಗ್ರಾಮನ್ನೇ ತನ್ನ ಹತ್ರ ಇಟ್ಕೊಂಡು, ಮದುವೆ ಮುಗಿದ್ಮೇಲೆ ತಂದು ಕೊಡ್ತಾನೆ. ಅದು ದೊಡ್ಡ ಅಪರಾಧ ಅಂತ ಅವನಿಗೂ ಗೊತ್ತು, ಬೇಕಾದ್ರೆ ಕಂಪ್ಲೇಂಟ್ ಕೊಡಿ ಅಂತಾನೆ. ಆ ಹುಡುಗಿಯ ಅಪ್ಪ ಕೊಡಲ್ಲ, ಆದ್ರೆ ನೀನು ಹೀಗೆ ಮಾಡಿದ್ದು ನನಗೆ ಬೇಜಾರು ಅಂತಾನೆ. ಅಷ್ಟೇ ಕಥೆ. ಮುಂದಿನ ವಾರ ತಾನಪ್ಪನಿಗೆ ಏನಾಯ್ತು ಅಂತ ಯಾರೂ ಕಾಯ್ಕೊಂಡಿರಬೇಕಾಗಿಲ್ಲ, ಅವನು ಮಾಡಿದ್ದು ಸರೀನಾ ತಪ್ಪಾ ಅಂತ ಮಾತ್ರ ಆ ವಾರ ಪೂರ್ತಿ ಮಾತಾಡಬಹುದು. ಒಂದು ಎಪಿಸೋಡಿಗೆ ಅಂಥ ಬಾಳಿಕೆ ಬರಬಹುದು ಅನ್ನೋದು ನಮಗೆ ಹೊಸದೇನಲ್ಲ.

ನಾನು ಅವತ್ತು ಮಾತಾಡೋಕೆ ಆರಿಸ್ಕೊಂಡಿದ್ದು ಒಂದು ವಿಶೇಷ ಜಾತಿಯ ಎಪಿಸೋಡನ್ನ. ಅಮೆರಿಕದ ಟಿವಿ ಕೆಲಸದವರು ಇದನ್ನ ಬಾಟಲ್ ಎಪಿಸೋಡ್ ಅಂತಾರೆ. ಔಟ್‌ಡೋರ್ ಇಲ್ಲ, ಹೊಸ ಸೆಟ್ ಇಲ್ಲ, ಹೊಸ ನಟರು ಇಲ್ಲ ಅಥವಾ ತುಂಬ ಕಮ್ಮಿ, ಇರೋ ಸೆಟ್ಟಲ್ಲೇ ಇರೋ ಜನರನ್ನ ಕೂರಿಸಿ ಒಂದು ಎಪಿಸೋಡು ಮುಗಿಸೋದು. ಹುಟ್ಟೋದು ದುಡ್ಡಿನ ತಾಪತ್ರಯದಿಂದ. ಸೀಸನ್ನಿನ ಯಾವುದೋ ಎಪಿಸೋಡಲ್ಲಿ ಗುಂಡಿನ ಕಾಳಗ, ಸ್ಫೋಟ, ಅದೂ ಇದೂ ಅಂತ ಬಜೆಟ್ ಖಾಲಿ ಆಗಿರುತ್ತೆ, ಇನ್ನೂ ಎಪಿಸೋಡು ಬಾಕಿ ಇರುತ್ತೆ, ಆಗ ಬರಹಗಾರರಿಗೆ ಹೇಳ್ತಾರೆ, ಒಂದು ರೂಮಲ್ಲಿ ಮುಗಿಸಿ ಅಂತ. ನನ್ನ ನಂಬಿಕೆ ಏನಂದ್ರೆ, ಒಂದು ಸೀರೀಸಿನ ಪಾತ್ರಗಳು ನಿಜವಾಗಿ ಗಟ್ಟಿಯಾಗಿದಾವಾ ಇಲ್ವಾ ಅಂತ ಗೊತ್ತಾಗೋದು ಇಂಥ ಎಪಿಸೋಡಲ್ಲೇ. ಮತ್ತೆ ನಾವು ಎದ್ದು ಕೂತು ಚಪ್ಪಾಳೆ ಹೊಡೆಯೋ ದೊಡ್ಡ ಎಪಿಸೋಡುಗಳು ನಿಂತಿರೋದು ಇವುಗಳ ಮೇಲೆ.

ಬ್ರೇಕಿಂಗ್ ಬ್ಯಾಡ್‌ನ "ಫ್ಲೈ" ತಗೊಳ್ಳೋಣ. ಕ್ಯಾನ್ಸರ್ ಬಂದ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್, ತನ್ನ ಹಳೇ ಸ್ಟೂಡೆಂಟ್ ಜೆಸ್ಸಿ ಜೊತೆ ಸೇರಿ ಗುಟ್ಟಾಗಿ ಮೆತ್ ಅನ್ನೋ ಡ್ರಗ್ ತಯಾರಿಸೋ ಕಥೆ ಈ ಸೀರೀಸು. ಫ್ಲೈ, ಅಂದ್ರೆ ನೊಣ, ಅದರ ಸೀಸನ್ 3, ಎಪಿಸೋಡ್ 10, 2010ರಲ್ಲಿ ಬಂದಿದ್ದು. ನೋಡಿದ ಜನ ಅಂಕ ಕೊಡೋ ಐಎಂಡಿಬಿ ವೆಬ್‌ಸೈಟಲ್ಲಿ ಆ ಸೀರೀಸಿನ ಎಲ್ಲ ಎಪಿಸೋಡಿಗಿಂತ ಕಮ್ಮಿ ರೇಟಿಂಗ್ ಇರೋದು ಇದಕ್ಕೇ. ಸಭೆಯಲ್ಲೂ ಹಿರಿಯರೊಬ್ಬರು ಎದ್ದು ನಿಂತು, "ಏನಮ್ಮ, ಒಂದು ನೊಣ ಹಿಡಿಯೋದನ್ನ ಮುಕ್ಕಾಲು ಗಂಟೆ ತೋರಿಸ್ತಾರೆ, ನಾನಂತೂ ಓಡಿಸಿಬಿಟ್ಟೆ" ಅಂದ್ರು. ಮಗ ಹಾಕಿಕೊಟ್ಟಿದ್ದಂತೆ, ಉಳಿದಿದ್ದೆಲ್ಲ ಬಿಡದೆ ನೋಡಿದಾರೆ, ಇದನ್ನ ಮಾತ್ರ ಬಿಟ್ಟಿದಾರೆ. ಅವರ ಥರ ತುಂಬ ಜನ ಇದಾರೆ ಅಂತ ಗೊತ್ತು, ಅದಕ್ಕೇ ಇದರ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆ.

ಆ ಸೀಸನ್ನಿನ ಬಜೆಟ್ ಮೀರಿ ಹೋಗಿತ್ತು, ಬೇರೆ ಕಡೆ ಹೋಗಿ ಶೂಟ್ ಮಾಡೋ ಹಾಗಿರಲಿಲ್ಲ, ಅದಕ್ಕೆ ಹೀಗೆ ಮಾಡಿದ್ವಿ ಅಂತ ಸೀರೀಸ್ ಕಟ್ಟಿದ ವಿನ್ಸ್ ಗಿಲ್ಲಿಗನ್ ಅವರೇ ಹೇಳಿದಾರೆ. ಲಾಂಡ್ರಿ ಕೆಳಗಿರೋ ಆ ದೊಡ್ಡ ಲ್ಯಾಬು, ಅಲ್ಲಿ ವಾಲ್ಟರ್ ವೈಟ್ ಮತ್ತು ಜೆಸ್ಸಿ, ಜೊತೆಗೆ ಒಂದು ನೊಣ. ಮಾಲಿನ ಲೆಕ್ಕದಲ್ಲಿ ಒಂಚೂರು ಕಮ್ಮಿ ಬರ್ತಿದೆ ಅಂತ ವಾಲ್ಟರ್ ತಲೆ ಕೆಡಿಸ್ಕೊಂಡು ಕೂತಿರ್ತಾನೆ, ಆ ಹೊತ್ತಿಗೆ ನೊಣ ಕಾಣುತ್ತೆ, ಲ್ಯಾಬ್ ಕಲುಷಿತ ಆಗೋಯ್ತು, ಇದನ್ನ ಹಿಡಿಯೋ ತನಕ ಮಾಲಿನ ಅಡುಗೆ ಶುರು ಮಾಡೋ ಹಾಗಿಲ್ಲ ಅಂತ ಹಠಕ್ಕೆ ಬೀಳ್ತಾನೆ. ಇಡೀ ರಾತ್ರಿ ಅದರ ಹಿಂದೆ ಓಡ್ತಾನೆ, ಶೂ ಎಸೀತಾನೆ, ಮೇಲಿಂದ ಬೀಳ್ತಾನೆ. ಲೆಕ್ಕ ಕಮ್ಮಿ ಬರ್ತಿರೋದಕ್ಕೂ ನೊಣಕ್ಕೂ ಸಂಬಂಧ ಇಲ್ಲ, ಜೆಸ್ಸಿ ಸ್ವಲ್ಪ ಸ್ವಲ್ಪ ಕದೀತಿದಾನೆ, ಅದು ನಮಗೆ ಗೊತ್ತು. ವಾಲ್ಟರ್‌ಗೆ ಅನುಮಾನ ಇದೆ.

ಬೆಳಗ್ಗೆ ಬಂದ ಜೆಸ್ಸಿಗೆ ಇವನ ಅವಸ್ಥೆ ನೋಡಿ ಭಯ ಆಗುತ್ತೆ. ಅವನ ಚಿಕ್ಕಮ್ಮನಿಗೆ ಕ್ಯಾನ್ಸರ್ ಮೆದುಳಿಗೆ ಹೋದಾಗ ಹೀಗೇ ಒಂದು ಪ್ರಾಣಿಯ ಬಗ್ಗೆ ಹಠ ಹಿಡಿದಿದ್ರಂತೆ, ಆ ಕಥೆ ಹೇಳ್ತಾನೆ. ಅಂದ್ರೆ ನಿಮಗೂ ಹಾಗೇ ಆಗಿದ್ಯಾ ಅಂತ ಬಾಯಿಬಿಟ್ಟು ಕೇಳೋಕಾಗದೆ ಸುತ್ತಿ ಬಳಸಿ ಕೇಳ್ತಿದಾನೆ. ಇವನು ಮಲಗಲಿ ಅಂತ ಕಾಫಿಯಲ್ಲಿ ನಿದ್ದೆ ಮಾತ್ರೆ ಬೆರೆಸಿ ಕೊಡ್ತಾನೆ.

ಆ ಮಾತ್ರೆ ಏರ್ತಾ ಏರ್ತಾ ವಾಲ್ಟರ್ ಬಾಯಿ ಸಡಿಲ ಆಗುತ್ತೆ, ಎಪಿಸೋಡು ನಿಜವಾಗಿ ಶುರು ಆಗೋದು ಅಲ್ಲಿಂದ. ನಾನು ಸಾಯಬೇಕಾಗಿದ್ದ ಸರಿಯಾದ ಹೊತ್ತು ಒಂದಿತ್ತು, ಅದು ದಾಟಿ ಹೋಯ್ತು ಅಂತಾನೆ. ಮನೆಯವರಿಗೆ ಸಾಕಷ್ಟು ದುಡ್ಡು ಆಗಿರಬೇಕು, ಇವನ ಗುಟ್ಟು ಹೆಂಡತಿಗೆ ಗೊತ್ತಾಗಿರಬಾರದು, ಮಗು ಹುಟ್ಟಿರಬೇಕು, ಆ ಹೊತ್ತು. ಲೆಕ್ಕ ಹಾಕ್ತಾ ಹಾಕ್ತಾ ಒಂದು ರಾತ್ರಿಗೆ ಬಂದು ನಿಲ್ತಾನೆ. ಮನೆಯಲ್ಲಿ ಟಿವಿಯಲ್ಲಿ ಆನೆಗಳ ಬಗ್ಗೆ ಏನೋ ಬರ್ತಿತ್ತು, ಹೆಂಡತಿ ಪಕ್ಕದ ರೂಮಲ್ಲಿ ಮಗೂಗೆ ಜೋಗುಳ ಹಾಡ್ತಿದ್ಲು, ಮಗುವಿನ ತೊಟ್ಟಿಲ ಹತ್ರ ಇಟ್ಟ ಮಾನಿಟರಿನಲ್ಲಿ ಅದು ಕೇಳಿಸ್ತಿತ್ತು, ಆ ಕ್ಷಣದವರೆಗೆ ಬದುಕಿದ್ದು ಅಲ್ಲಿಗೇ ನಿಂತಿದ್ರೆ ಸಾಕಿತ್ತು ಅಂತಾನೆ. ಅದು ಜೇನ್ ಸತ್ತ ರಾತ್ರಿ. ಆಮೇಲೆ ಅವನು ಮನೆಯಿಂದ ಎದ್ದು ಹೋದ, ಜೆಸ್ಸಿಯ ಗೆಳತಿ ಜೇನ್ ಉಸಿರು ಕಟ್ಟಿ ಒದ್ದಾಡ್ತಿದ್ದಾಗ ಪಕ್ಕದಲ್ಲೇ ನಿಂತು ನೋಡಿದ, ಮುಟ್ಟಲಿಲ್ಲ. ಅದನ್ನ ನಾವು ಸೀಸನ್ 2ರಲ್ಲಿ ಕಣ್ಣಾರೆ ನೋಡಿದೀವಿ. ಜೆಸ್ಸಿಗೆ ಗೊತ್ತಿಲ್ಲ.

ಈಗ ಸೀನ್ ನೋಡಿ. ನೊಣ ಚಾವಣಿ ಹತ್ರ ಇದೆ. ಜೆಸ್ಸಿ ಏಣಿ ಹತ್ತಿದಾನೆ, ನಿದ್ದೆಗಣ್ಣಲ್ಲಿ ವಾಲ್ಟರ್ ಕೆಳಗೆ ಏಣಿ ಹಿಡ್ಕೊಂಡಿದಾನೆ. ಕೆಳಗಿಂದ, "ಜೇನ್ ವಿಷಯಕ್ಕೆ ಸಾರಿ" ಅಂತಾನೆ. ಒಂದೇ ಒಂದು ವಾಕ್ಯ ಹೆಚ್ಚು ಬಂದ್ರೂ ಎಲ್ಲ ಮುಗೀತು. ಹುಡುಗ ಏಣಿ ಮೇಲಿದಾನೆ, ಏಣಿ ಇವನ ಕೈಯಲ್ಲಿದೆ, ಇವನ ನಾಲಿಗೆ ಇವನ ಹಿಡಿತದಲ್ಲಿಲ್ಲ. ಜೆಸ್ಸಿ ಏನಂತಾನೆ? ಅದು ನಿಮ್ಮ ತಪ್ಪಲ್ಲ, ನನ್ನ ತಪ್ಪೂ ಅಲ್ಲ, ಯಾರ ತಪ್ಪೂ ಅಲ್ಲ ಅಂತ ಇವನಿಗೇ ಸಮಾಧಾನ ಹೇಳ್ತಾನೆ. ಬಂದೂಕು, ಕಾರು, ಮರುಭೂಮಿ ಯಾವುದೂ ಇಲ್ಲದೆ ಇಡೀ ಸೀರೀಸಲ್ಲಿ ನನಗೆ ಇಷ್ಟು ಹೆದರಿಕೆ ಹುಟ್ಟಿಸಿದ ಇನ್ನೊಂದು ಸೀನ್ ಇಲ್ಲ. ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಕಾಪಾಡೋಕೆ ನೋಡ್ತಿದಾರೆ, ಅವರ ಮಧ್ಯೆ ಹೇಳಬಾರದ್ದು ಒಂದು ಇದೆ, ಅಷ್ಟೇ ಸಾಮಗ್ರಿ. ವಾಲ್ಟರ್ ಪಾತ್ರದ ಬ್ರಯನ್ ಕ್ರಾನ್ಸ್ಟನ್ ಆ ಮಾತುಗಳನ್ನ ಅರ್ಧ ನಿದ್ದೆಯಲ್ಲಿ ತೊದಲಿ ತೊದಲಿ ಹೇಳೋದನ್ನ ಕಿವಿಗೊಟ್ಟು ಕೇಳಿ, ಮಾತು ಜಾರ್ತಿರೋದು ಅವನಿಗೇ ಗೊತ್ತಾಗ್ತಿದೆ, ನಿಲ್ಲಿಸೋಕೆ ಆಗ್ತಿಲ್ಲ.

ಇದರ ಲೆಕ್ಕ ಚುಕ್ತಾ ಆಗೋದು ಮೂರು ವರ್ಷ ಆದ್ಮೇಲೆ, 2013ರಲ್ಲಿ, "ಓಝಿಮಾಂಡಿಯಾಸ್" ಎಪಿಸೋಡಲ್ಲಿ. ಟಿವಿಯಲ್ಲಿ ಬಂದ ಅತ್ಯುತ್ತಮ ಎಪಿಸೋಡು ಯಾವುದು ಅಂತ ಕೇಳಿದ್ರೆ ಇದರ ಹೆಸರು ಹೇಳೋರು ಲೆಕ್ಕವಿಲ್ಲದಷ್ಟು ಜನ. ವಾಲ್ಟರ್‌ನ ಷಡ್ಡಕ, ಡ್ರಗ್ಸ್ ಹಿಡಿಯೋ ಆಫೀಸರ್ ಹ್ಯಾಂಕ್ ಸಾಯ್ತಾನೆ, ದುಡ್ಡಿನ ಡ್ರಮ್ಮನ್ನ ವಾಲ್ಟರ್ ಮರುಭೂಮಿಯಲ್ಲಿ ಉರುಳಿಸ್ಕೊಂಡು ಹೋಗ್ತಾನೆ, ಮನೆಯಲ್ಲಿ ಚಾಕು ಹಿಡಿದು ಜಗಳ, ಪೊಲೀಸರು ಕೇಳಿಸ್ಕೊಳ್ತಿದಾರೆ ಅಂತ ಗೊತ್ತಿದ್ದೇ ಹೆಂಡತಿಯನ್ನ ಬಿಡಿಸೋಕೆ ಫೋನಲ್ಲಿ ಅವಳಿಗೆ ಬೈತಾ ಈ ಕಡೆ ಅಳ್ತಾನೆ. ಎಲ್ಲ ಸರಿ. ಆದ್ರೆ ಇವೆಲ್ಲಕ್ಕಿಂತ ಕ್ರೂರವಾದದ್ದು ಯಾವುದು ಅಂದ್ರೆ, ಜೆಸ್ಸಿಯನ್ನ ಹ್ಯಾಂಕ್‌ನ ಕೊಂದ ಗ್ಯಾಂಗಿನವರು ಎಳ್ಕೊಂಡು ಹೋಗೋ ಮುಂಚೆ ವಾಲ್ಟರ್ ಅವನ ಹತ್ರ ಬಂದು, ನಾನು ಅಲ್ಲೇ ಇದ್ದೆ, ಜೇನ್ ಸಾಯೋದನ್ನ ನೋಡಿದೆ, ಉಳಿಸಬಹುದಿತ್ತು, ಉಳಿಸಲಿಲ್ಲ ಅಂತ ಹೇಳೋದು. ಏಣಿ ಕೆಳಗೆ ನುಂಗಿಕೊಂಡಿದ್ದ ವಾಕ್ಯ ಅದೇ. ಅವತ್ತು ಪ್ರೀತಿಯಿಂದ, ಅಪರಾಧಿ ಭಾವದಿಂದ ಬಾಯಿ ತನಕ ಬಂದಿದ್ದನ್ನ ಇವತ್ತು ಆಯುಧ ಮಾಡ್ಕೊಂಡು ಚುಚ್ಚುತಾನೆ. ನೊಣದ ಎಪಿಸೋಡು ಓಡಿಸಿದೋರಿಗೆ ಇದು ಇನ್ನೊಂದು ಶಾಕ್ ಅಷ್ಟೇ, ಕೂತು ನೋಡಿದೋರಿಗೆ ಈ ಮನುಷ್ಯ ಎಲ್ಲಿಂದ ಎಲ್ಲಿಗೆ ಬಂದ ಅನ್ನೋದು ಅಳತೆ ಸಮೇತ ಗೊತ್ತಾಗುತ್ತೆ.

ಮತ್ತೆ ಇನ್ನೊಂದು ವಿಷಯ ಹೇಳ್ತೀನಿ ಕೇಳಿ. ಈ ಎರಡೂ ಎಪಿಸೋಡಿನ ಡೈರೆಕ್ಟರ್ ಒಬ್ಬರೇ, ರಯಾನ್ ಜಾನ್ಸನ್. ಮೊದಲನೇದನ್ನ ಸ್ಯಾಮ್ ಕ್ಯಾಟ್ಲಿನ್ ಜೊತೆ ಸೇರಿ ಬರೆದಿದ್ದು ಮೊಯ್ರಾ ವಾಲಿ ಬೆಕೆಟ್, ಎರಡನೇದನ್ನ ಪೂರ್ತಿ ಬರೆದು ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ತಗೊಂಡಿದ್ದೂ ಅವರೇ. ಅಂದ್ರೆ ಜನ ತಲೆ ಮೇಲೆ ಹೊತ್ಕೊಂಡಿದ್ದೂ, ಜನ ಬೇಜಾರು ಅಂತ ಬದಿಗಿಟ್ಟಿದ್ದೂ ಅದೇ ಕೈಗಳ ಕೆಲಸ. ಇದು ಕಾಕತಾಳೀಯ ಅಂತ ನನಗೆ ಅನ್ಸಲ್ಲ. ಆ ಲ್ಯಾಬಲ್ಲಿ ಇಬ್ಬರನ್ನ ಕೂರಿಸ್ಕೊಂಡು ಅಷ್ಟು ಹೊತ್ತು ನೋಡಿದೋರಿಗೇ ಯಾವ ಮಾತು ಎಲ್ಲಿ ತಾಗುತ್ತೆ ಅಂತ ಗೊತ್ತಿರೋದು.

ಕಾಮಿಡಿ ಕಡೆ ಬೇಗ ಬರ್ತೀನಿ. ಸೈನ್‌ಫೆಲ್ಡ್‌ನ "ದಿ ಚೈನೀಸ್ ರೆಸ್ಟೋರೆಂಟ್", 1991. ಮೂರು ಜನ ಹೋಟೆಲಲ್ಲಿ ಟೇಬಲ್‌ಗೆ ಕಾಯ್ತಾರೆ, ಐದು ಹತ್ತು ನಿಮಿಷ ಅಂತಾನೆ ಅಲ್ಲಿಯವನು, ಎಪಿಸೋಡ್ ಪೂರ್ತಿ ಕಾಯ್ತಾರೆ, ಸಾಕಾಗಿ ಎದ್ದು ಹೋಗ್ತಾರೆ, ಆಗ ಅವರ ಹೆಸರು ಕೂಗ್ತಾನೆ. ಇದರಲ್ಲಿ ಕಥೆಯೇ ಇಲ್ಲವಲ್ಲ ಅಂತ ಚಾನೆಲ್‌ನವರು ತಕರಾರು ಮಾಡಿದ್ರಂತೆ. ಆಮೇಲೆ ಫ್ರೆಂಡ್ಸ್‌ನಲ್ಲಿ 1996ರ ಆ ಎಪಿಸೋಡು, ರಾಸ್‌ನ ಮ್ಯೂಸಿಯಂ ಫಂಕ್ಷನ್‌ಗೆ ಹೊರಡಬೇಕು, ಯಾರೂ ರೆಡಿ ಆಗಿಲ್ಲ, ಜೋಯಿ ಬಂದು ಚ್ಯಾಂಡ್ಲರ್‌ನ ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ಹಾಕ್ಕೊಂಡು ನಿಲ್ತಾನೆ. ನೋಡದೋರು ಇಲ್ಲ ಅನ್ಕೋತೀನಿ. ನಗುವಿನ ಮಧ್ಯೆ ರೇಚಲ್ ಮೇಲೆ ರಾಸ್ ಎಲ್ಲರೆದುರು ಕೂಗಾಡಿ, ಅವಳು ಬರಲ್ಲ ಅಂತ ಕೂತುಬಿಡ್ತಾಳಲ್ಲ, ಅಲ್ಲಿ ಆ ಜೋಡಿ ಬಗ್ಗೆ ಗೊತ್ತಾಗೋದು ಹತ್ತು ರೊಮ್ಯಾಂಟಿಕ್ ಎಪಿಸೋಡಲ್ಲಿ ಗೊತ್ತಾಗಲ್ಲ. ಯಾಕಂದ್ರೆ ಅವರಿಬ್ಬರಿಗೂ ಎದ್ದು ಹೋಗೋಕೆ ಇನ್ನೊಂದು ಸೆಟ್ ಇಲ್ಲ.

ದುಡ್ಡು ಉಳಿಸೋಕೆ ಮಾಡಿದ್ದೆಲ್ಲ ಚೆನ್ನಾಗಿರುತ್ತೆ ಅಂತ ನಾನು ಹೇಳ್ತಿಲ್ಲ. ಅದೇ ಫ್ರೆಂಡ್ಸ್‌ನಲ್ಲಿ ಹಳೇ ಸೀನುಗಳನ್ನ ಕತ್ತರಿಸಿ ಜೋಡಿಸಿದ ಎಪಿಸೋಡುಗಳೂ ಇವೆ, ರಾಸ್ ಮದುವೆಯ ಇನ್ವಿಟೇಶನ್ ಸುತ್ತ ಬರೋದು, ಜೋಯಿಗೆ ರೋಬೋ ಜೊತೆ ಪಾತ್ರ ಸಿಗೋದು. ನಿನ್ನೆ ಸಾರು ಬಿಸಿ ಮಾಡಿ ಬಡಿಸಿದ ಹಾಗೆ. ಕಾರಣ ಎರಡಕ್ಕೂ ಒಂದೇ, ಖರ್ಚು ಕಮ್ಮಿ ಮಾಡೋದು. ಒಂದರಲ್ಲಿ ಬರಹಗಾರರು ಕೂತು ಬರೆದಿದಾರೆ, ಇನ್ನೊಂದರಲ್ಲಿ ಎಡಿಟಿಂಗ್ ಟೇಬಲ್‌ಗೆ ಬಿಟ್ಟುಬಿಟ್ಟಿದಾರೆ, ವ್ಯತ್ಯಾಸ ಅಷ್ಟೇ.

ಮ್ಯಾಡ್ ಮೆನ್‌ನ "ದಿ ಸೂಟ್‌ಕೇಸ್" ಪೂರ್ತಿ ಬಾಟಲ್ ಎಪಿಸೋಡ್ ಅಲ್ಲ, ಮಧ್ಯೆ ಹೊರಗೆ ಹೋಗಿ ತಿಂದು ಕುಡಿದು ಬರ್ತಾರೆ, ಆದ್ರೂ ನನ್ನ ಲೆಕ್ಕದಲ್ಲಿ ಇದೇ ಮನೆತನದ್ದು. ಸೀಸನ್ 4ರ ಏಳನೇದು. ಜಾಹೀರಾತು ಆಫೀಸಿನ ಕಥೆ, ಡಾನ್ ಡ್ರೇಪರ್ ಬಾಸು, ಪೆಗ್ಗಿ ಅವನ ಕೈಕೆಳಗೆ ಜಾಹೀರಾತು ಬರೆಯೋಳು. 1965ರ ಮೇ 25, ಅಲಿ ಮತ್ತು ಲಿಸ್ಟನ್ ಬಾಕ್ಸಿಂಗ್ ಇರೋ ರಾತ್ರಿ, ಆಫೀಸಿನವರೆಲ್ಲ ಮ್ಯಾಚ್ ನೋಡೋಕೆ ಹೋಗಿದಾರೆ. ಪೆಗ್ಗಿಯ ಹುಟ್ಟುಹಬ್ಬ, ಅವಳ ಬಾಯ್‌ಫ್ರೆಂಡು ಅವಳ ಮನೆಯವರನ್ನೆಲ್ಲ ಕರ್ಕೊಂಡು ಬಂದು ಹೋಟೆಲಲ್ಲಿ ಕಾಯ್ತಿದಾನೆ. ಡಾನ್ ಡ್ರೇಪರ್ ಅವಳನ್ನ ಬಿಡಲ್ಲ, ಸ್ಯಾಮ್ಸನೈಟ್ ಸೂಟ್‌ಕೇಸ್ ಜಾಹೀರಾತು ಇವತ್ತೇ ಆಗಬೇಕು ಅಂತ ಕೂರಿಸ್ಕೋತಾನೆ. ಅವನಿಗೆ ನಿಜವಾಗಿ ಬೇಕಾಗಿರೋದು ಒಂದೇ, ಒಂದು ಫೋನ್ ಮಾಡೋದನ್ನ ಮುಂದೂಡೋದು. ಕ್ಯಾಲಿಫೋರ್ನಿಯಾದಿಂದ ಕರೆ ಬಂದಿದೆ, ಬೇರೆಯವರ ಹೆಸರಲ್ಲಿ ಬದುಕ್ತಿರೋ ಅವನ ನಿಜವಾದ ಗುರುತು ಗೊತ್ತಿರೋ ಆ್ಯನಾ ಸಾಯ್ತಿದಾಳೆ ಅಥವಾ ಸತ್ತಿದಾಳೆ, ಫೋನ್ ಮಾಡಿದ್ರೆ ಅದು ಖಾತ್ರಿ ಆಗಿಬಿಡುತ್ತೆ.

ನನ್ನ ಐಡಿಯಾಗೆ ಪ್ರಶಸ್ತಿ ನೀವು ತಗೊಂಡ್ರಿ, ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ಅಂತ ಪೆಗ್ಗಿ ಅಳ್ತಾಳೆ. ಸಂಬಳ ಕೊಡೋದು ಅದಕ್ಕೇ ಅಂತ ಡಾನ್ ಗದರ್ತಾನೆ. ಆಫೀಸಲ್ಲಿ ಕೆಲಸ ಮಾಡಿರೋ ಯಾವ ಹೆಣ್ಣುಮಗಳಿಗಾದ್ರೂ ಈ ಸೀನ್ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗಿ, "ಅಕ್ಕ, ಅವನ ತಪ್ಪನ್ನ ಆಮೇಲೆ ಅವನ ದುಃಖ ತೋರಿಸಿ ಮುಚ್ಚಿಹಾಕ್ತಾರೆ ಅಲ್ವಾ?" ಅಂತ ಕೇಳಿದ್ಲು. ಒಳ್ಳೇ ಪ್ರಶ್ನೆ. ನನಗೆ ಹಾಗನ್ಸಲ್ಲ, ಯಾಕಂದ್ರೆ ಆ ಎಪಿಸೋಡು ಅವಳಿಗೆ ಆದ ನಷ್ಟವನ್ನ ವಾಪಸ್ ಕೊಡಲ್ಲ, ಹುಟ್ಟುಹಬ್ಬ ಹಾಳಾಗಿದ್ದು ಹಾಳಾಯ್ತು, ಬಾಯ್‌ಫ್ರೆಂಡ್ ಜೊತೆ ಮುರಿದಿದ್ದು ಮುರೀತು. ಬೆಳಗ್ಗೆ ಡಾನ್ ಫೋನ್ ಮಾಡಿ ವಿಷಯ ಕೇಳಿ ಕುಸೀತಾನೆ, ನನ್ನನ್ನ ನಿಜವಾಗಿ ಬಲ್ಲವಳು ಈ ಲೋಕದಲ್ಲಿ ಅವಳೊಬ್ಬಳೇ ಅಂತಾನೆ. ಪೆಗ್ಗಿ, ಅದು ನಿಜ ಅಲ್ಲ ಅಂತಾಳೆ. ಅಂದ್ರೆ ನಾನೂ ಬಲ್ಲೆ ಅಂತ. ಅವಳು ಕ್ಷಮಿಸಿದಾಳೆ ಅಂತ ನನಗೆ ಅನ್ಸಿಲ್ಲ, ಅವನನ್ನ ಪೂರ್ತಿ ನೋಡಿದಾಳೆ ಅಷ್ಟೇ. ಕ್ಷಮೆಗಿಂತ ಅದು ದೊಡ್ಡದು ಅಂತ ನನ್ನ ಅಭಿಪ್ರಾಯ, ಆ ಹುಡುಗಿ ಒಪ್ಪಲಿಲ್ಲ.

ಈಚೆಗಿನದ್ದು ಅಂದ್ರೆ 2025ರ ಅಡಾಲಸೆನ್ಸ್. ನಾಲ್ಕೇ ಎಪಿಸೋಡು, ಪ್ರತಿಯೊಂದೂ ಒಂದೇ ಟೇಕು, ಕ್ಯಾಮೆರಾ ಕಟ್ ಆಗೋದೇ ಇಲ್ಲ. ಮೂರನೇದರಲ್ಲಿ ಕೊಲೆ ಆರೋಪ ಹೊತ್ತ ಹದಿಮೂರರ ಹುಡುಗ ಜೇಮಿ ಮತ್ತು ಅವನನ್ನ ನೋಡೋಕೆ ಬಂದ ಸೈಕಾಲಜಿಸ್ಟ್, ಹೆಚ್ಚೂಕಮ್ಮಿ ಪೂರ್ತಿ ಒಂದು ರೂಮು. ಇಲ್ಲಿ ಕಾರಣ ಬಜೆಟ್ ಅಲ್ಲ, ಬೇಕು ಅಂತಲೇ ಆ ರೂಮಲ್ಲಿ ನಮ್ಮನ್ನ ಕೂಡಿಹಾಕಿದಾರೆ. ಅವಳು ಅವನಿಗೆ ಹಾಟ್ ಚಾಕಲೇಟ್ ತರ್ತಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡ್ತಾಳೆ. ಮೊದಲು ಮಗು, ಆಮೇಲೆ ಸಡನ್ನಾಗಿ ಎದ್ದು ನಿಂತು ಅರಚೋ ಗಂಡಸು, ಮತ್ತೆ ಮಗು. ಅವನು ಒಂದು ಕಡೆ ಆಕಳಿಸ್ತಾನೆ, ನಿನಗೆ ಬೋರ್ ಆಗ್ತಿದ್ಯಾ ಅಂತ ಅವಳು ಕೇಳ್ತಾಳೆ. ಅದು ಸ್ಕ್ರಿಪ್ಟಲ್ಲಿ ಇರಲಿಲ್ಲ, ಹುಡುಗನಿಗೆ ನಿಜವಾಗಿ ಆಕಳಿಕೆ ಬಂತು, ಸೈಕಾಲಜಿಸ್ಟ್ ಪಾತ್ರದ ಎರಿನ್ ಡೋಹರ್ಟಿ ಅಲ್ಲೇ ಅದನ್ನ ಹಿಡ್ಕೊಂಡ್ರು. ಜೇಮಿ ಆಗಿರೋ ಓವನ್ ಕೂಪರ್‌ಗೆ ಇದು ಮೊದಲನೇ ನಟನೆ, ನಾಲ್ಕರಲ್ಲಿ ಮೊದಲು ಶೂಟ್ ಆಗಿದ್ದೂ ಈ ಮೂರನೇದೇ. ಆಮೇಲೆ 15ನೇ ವಯಸ್ಸಿಗೆ ಎಮ್ಮಿ ಬಂತು, ನಟನೆಗೆ ಎಮ್ಮಿ ಪಡೆದ ಗಂಡಸರಲ್ಲಿ ಅವನೇ ಅತಿ ಕಿರಿಯ. ಎರಿನ್‌ಗೂ ಬಂತು.

ಕೊನೆಯಲ್ಲಿ ಗಾರ್ಡು ಎಳ್ಕೊಂಡು ಹೋಗೋವಾಗ ಅವನು ಕೇಳೋದು ಒಂದೇ, ನಾನು ನಿಮಗೆ ಇಷ್ಟ ಆದ್ನಾ, ಒಂದು ಚೂರಾದ್ರೂ? ಅವಳು ಉತ್ತರ ಕೊಡಲ್ಲ. ಕೊಡೋ ಹಾಗಿಲ್ಲ, ಅದು ಅವಳ ಕೆಲಸದ ನಿಯಮ. ಆದ್ರೆ ಆ ಪ್ರಶ್ನೆಗೆ ಉತ್ತರ ಸಿಗದೆ ಇರೋದೇ ಆ ಹುಡುಗನ ಇಡೀ ರೋಗ ಅಂತ ನಮಗೆ ಆ ಹೊತ್ತಿಗೆ ಗೊತ್ತಾಗಿರುತ್ತೆ. ಮನೆಯಲ್ಲಿ ಆ ವಯಸ್ಸಿನ ಗಂಡುಮಕ್ಕಳಿರೋರು ಉಳಿದ ಮೂರು ಬಿಟ್ರೂ ಇದನ್ನ ನೋಡಿ ಅಂತ ನಾನು ಎಲ್ಲರಿಗೂ ಹೇಳ್ತಾ ಬಂದಿದೀನಿ.

ನಮ್ಮಲ್ಲಿ ಇಂಥದ್ದು ಆಗುತ್ತಾ ಅಂತ ಒಬ್ಬರು ಕೇಳಿದ್ರು. ದಿನಾ ಬರೋ ಧಾರಾವಾಹಿಗಳಿಗೆ ಇರೋದೇ ಎರಡು ಮೂರು ಮನೆ ಸೆಟ್ಟು, ಲೆಕ್ಕದ ಪ್ರಕಾರ ಎಲ್ಲವೂ ಬಾಟಲ್ ಎಪಿಸೋಡೇ ಆಗಬೇಕಿತ್ತು. ಆಗಲ್ಲ, ಯಾಕಂದ್ರೆ ಅವತ್ತಿನ ಕಂತು ಅವತ್ತು ಮುಗಿಯಲ್ಲ, ಬಾಗಿಲ ಹತ್ರ ಯಾರೋ ನಿಂತ್ಕೊಂಡು ಕೇಳಿಸ್ಕೊಳ್ಳೋದಕ್ಕೆ ನಿಲ್ಲಿಸಿ ನಾಳೆಗೆ ಇಟ್ಕೋತಾರೆ. ಆದ್ರೆ ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ಸೀನುಗಳನ್ನ ನೆನಪು ಮಾಡ್ಕೊಳ್ಳಿ. ಒಂದು ಹಾಲು, ಒಬ್ಬ ಜಡ್ಜು, ಕಟಕಟೆಯಲ್ಲಿ ಒಬ್ಬರು, ವಕೀಲರ ಕೋಟಲ್ಲಿ ಸೀತಾರಾಂ ಅವರೇ. ಬರೀ ಪ್ರಶ್ನೆ ಉತ್ತರ. ಅವರ ಮುಕ್ತ ಧಾರಾವಾಹಿ ಬರ್ತಿದ್ದಾಗ ನಮ್ಮ ಮನೆಯಲ್ಲಿ ಆ ವಾದ ನಡೆಯೋವಾಗ ಕುಕ್ಕರ್ ಇಡೋಕೂ ಅಮ್ಮ ಏಳ್ತಿರಲಿಲ್ಲ. ಮಾತಿನ ಮೇಲೆ ಅಷ್ಟು ನಂಬಿಕೆ ಇಟ್ಟು ಬರೆಯೋರು ಇದ್ರೆ ನಮ್ಮ ಜನ ಕೂತು ಕೇಳ್ತಾರೆ, ಕೇಳಿದಾರೆ. ಈಗಿನ ಕನ್ನಡ ವೆಬ್ ಸೀರೀಸ್ ಮಾಡೋರಿಗೆ ದುಡ್ಡು ಕಮ್ಮಿ ಅಂತ ಯಾವಾಗಲೂ ಹೇಳ್ತಾರಲ್ಲ, ಅವರು ಒಂದು ರೂಮು, ಇಬ್ಬರು ನಟರು, ನಲವತ್ತು ನಿಮಿಷ ಅಂತ ಹಠ ಹಿಡಿದು ಬರೀಲಿ ಅನ್ನೋದು ನನ್ನ ಆಸೆ. ರಂಗಭೂಮಿಯಿಂದ ಬಂದ ನಟರು ನಮ್ಮಲ್ಲಿ ಎಷ್ಟು ಜನ ಇದಾರೆ, ಅವರನ್ನ ಕೂರಿಸಿ ಮಾತಾಡಿಸಿ.

ಯಾವುದರಿಂದ ಶುರು ಮಾಡೋದು ಅಂತ ಆಮೇಲೆ ಕಾಫಿ ಕುಡೀವಾಗ ಕೇಳಿದ್ರು. ಚೈನೀಸ್ ರೆಸ್ಟೋರೆಂಟ್‌ಗೆ ಹಿಂದಿನದ್ದೇನೂ ಗೊತ್ತಿರಬೇಕಾಗಿಲ್ಲ, ಇವತ್ತೇ ನೋಡಬಹುದು. ಫ್ಲೈ ಮಾತ್ರ ಒಂಟಿಯಾಗಿ ನೋಡಬೇಡಿ, ಕಮ್ಮಿ ಅಂದ್ರೂ ಸೀಸನ್ 2ರ ಕೊನೇ ಎರಡು ಎಪಿಸೋಡು ನೋಡ್ಕೊಂಡು ಆಮೇಲೆ ಹಾಕಿ. ಓಡಿಸಿಬಿಟ್ಟೆ ಅಂದ ಹಿರಿಯರು ಮತ್ತೆ ಕೂತು ನೋಡ್ತೀನಿ, ಆದ್ರೆ ಬೇಜಾರಾದ್ರೆ ನಿನ್ನ ಹತ್ರಾನೇ ಬಂದು ಹೇಳ್ತೀನಿ ಅಂದಿದಾರೆ. ಮುಂದಿನ ಸಲ ಎಲ್ಲರೂ ಸೂಟ್‌ಕೇಸ್ ಎಪಿಸೋಡು ನೋಡ್ಕೊಂಡು ಬರೋದು, ಮಾತು ಶುರು ಮಾಡೋದು ಹಿಂದಿನ ಸಾಲಿನ ಆ ಹುಡುಗಿ ಅಂತ ತೀರ್ಮಾನ ಆಗಿದೆ.